ಅಸ್ತರ

ಬೆಟಗೇರಿಯ ಈ ಮನಿಯೊಳಗ
ಪಡುವಣ ಗ್ವಾಡಿ ಈಗ ಬರಿಮೈಲೆ ನಿಂತೈತಿ.
ಆಷಾಢದಾಗ ಗಿಲಾವ ಉಬ್ಬಿ, ಒಂದು ರಾತ್ರಿ
ಹೊಲಿಗಿ ಮಷೀನಿನ ಮ್ಯಾಲೆ ದಬ್ಬನ ಬಿತ್ತು;
ಉಳಿದದ್ದನ್ನ ಮಕ್ತುಮಸಾಬ ಸುತ್ತಿಗಿಲೆ ಕೆಡವಿದ.
ನಾಕು ಬುಟ್ಟಿ ಪುಡಿ ಹೊರಗ ಹೋತು.
ಒಳಗ ಇಟ್ಟಂಗಿ. ನಲವತ್ತು ವರ್ಷಕ್ಕ ಬೆಳಕು ಕಂಡ ಇಟ್ಟಂಗಿ.

ತಮ್ಮನ ಮಗಳು ಬೆನಿಟಾ ಹುಬ್ಬಳ್ಳಿಯಿಂದ ಬಂದಾಕಿ
ಚಪ್ಪಲಿ ಸೈತ ಕಳೀಲಿಲ್ಲ, ಫೋಟೊ ಹೊಡದಳು.
'ಹಿಂಗ ಬಿಡು ಅತ್ತಿ, ಒಂದು ಹಳದಿ ಬಲ್ಬು ಹಾಕು ಸಾಕು.
ವಿದ್ಯಾನಗರದ ಕಾಫಿ ಅಂಗಡಿಯವರು
ಇಟ್ಟಂಗಿ ಚಿತ್ರದ ಕಾಗದ ತಂದು ಅಂಟಸ್ಯಾರ,
ನಿನಗ ಖರೇದ್ದ ಸಿಕ್ಕೈತಿ.'

ಬಾಜೂ ಮನಿ ಅಂಬೂಬಾಯಿ ಹೊಸ್ತಿಲದಾಗ ನಿಂತು
ಬ್ಲೌಸ್ ಪೀಸು ಕೊಡೂದು ಮರೆತು,
ದನಿ ಸಣ್ಣ ಮಾಡಿ ಕೇಳಿದಳು:
'ಯಾಕವಾ, ರೊಕ್ಕ ಸಾಲಲಿಲ್ಲೇನು?
ಈ ತಿಂಗಳ ಭಿಶಿ ಬೇಕಾದ್ರ ನೀನ ಎತ್ತಿಕೋ.'

ಅದ ಗ್ವಾಡಿ. ಒಬ್ಬರಿಗೆ ಶೋಕಿ, ಒಬ್ಬರಿಗೆ ತ್ರಾಸು.
ನನಗ? ಧೂಳು.
ಬಿಳಿ ಅರಿವಿ ಮ್ಯಾಲೆ ದಿನಾ ಕೆಂಪು ಪುಡಿ,
ಜಾಡಿಸಿದಷ್ಟೂ ನೂಲಿನಾಗ ಇಳೀತೈತಿ.

ಆದರೂ ಹದಿನೈದು ದಿನ ಆತು, ಗೌಂಡಿಗೆ ಹೂಂ ಅಂದಿಲ್ಲ.
ದಾರ ಪೋಣಿಸುವಾಗ, ಬಾಬಿನ್ ಸುತ್ತುವಾಗ
ಕತ್ತೆತ್ತಿದರ ಗ್ವಾಡಿ ಓದೂಹಂಗ ಆಗೈತಿ.

ಕೆಳಗಿನ ಹನ್ನೊಂದು ಸಾಲು ಒಳ್ಳೆ ಕೆಂಪು, ಒಂದ ಅಳತಿ:
ಮಿಶನ್ ದವಾಖಾನಿಯೊಳಗ ಅವ್ವನ ಆಯಾ ಕೆಲಸ ಕಾಯಂ ಆದ ವರ್ಷದ್ದು.
ಅದರ ಮ್ಯಾಲೆ ಸಣ್ಣವು, ಅಂಚು ಮುಕ್ಕಾದವು,
ಹಳೇ ಕಂಪೌಂಡು ಕೆಡವಿದಾಗ ಕೇಳಿ ತಂದದ್ದು;
ಒಂದೆರಡಕ್ಕ ಇನ್ನೂ ಸುಣ್ಣದ ಗೆರಿ ಐತಿ.
ಮತ್ತೂ ಮ್ಯಾಲೆ ಅರೆಬೆಂದ ಹಳದಿ ಇಟ್ಟಂಗಿ,
ಉಗುರಿಲೆ ಕೆರದರ ಉದರತಾವು.
ಆ ವರ್ಷ ಏನಿತ್ತೋ, ನನ್ನ ಟೈಫಾಯ್ಡೋ, ತಮ್ಮನ ಫೀಸೋ.

ನಡುವ ಒಂದು ಸಾಲು ಸೊಟ್ಟ.
ಕಿಟಕಿಯಿಂದ ಮೂಲಿತನಕ ಹೊಟ್ಟಿ ಮುಂದ ಮಾಡಿ ನಿಂತೈತಿ.
ಸಂದಿನಾಗ ಕರಣಿ ಗುರುತಿಲ್ಲ, ಬೆರಳಿನ ಗುರುತು.
ಮಕ್ತುಮಸಾಬ ತೂಕದ ಗುಂಡು ಇಳಿಬಿಟ್ಟು ನಕ್ಕ:
'ಇದು ಗೌಂಡಿ ಕೈ ಅಲ್ರೀ ಅಕ್ಕಾರ.'

ಅಲ್ಲ. ನನಗ ಗೊತ್ತಾತು.
ಬ್ಯಾರೆಯವರು ಹೊಲಿದ ರವಿಕಿ ರಿಪೇರಿಗೆ ಬಂದರ
ಮೊದಲ ಒಳಮಗ್ಗಲು ತಿರುವಿ ನೋಡಾಕಿ ನಾನು;
ಕಲಿತ ಕೈ ಯಾವುದು, ಅವಸರದ ಕೈ ಯಾವುದು,
ಕಲೀದನ ಹೊಲಿದು ದಕ್ಕಿಸಿಕೊಂಡ ಕೈ ಯಾವುದು
ಟಾಕಿ ಹೇಳತೈತಿ.
ಸಾಲಿ ಬಿಟ್ಟು ಬಂದರ, ರಾತ್ರಿ ಪಾಳಿ ಮುಗಿಸಿದ ಅವ್ವ
ಮಲಗಿರತಿರಲಿಲ್ಲ. ಒಡೆದ ಬೆರಳಿಗೆ
ವ್ಯಾಸಲೀನ್ ತಿಕ್ಕೊಂತ ಕುಂತಿರತಿದ್ದಳು.
ದವಾಖಾನಿ ಫಿನಾಯಿಲ್ ಅಂದಳು. ನಾ ನಂಬಿದೆ.

ಮುಂದ ಗಿಲಾವ ಆದ ದಿನ ಆಕಿ
ಅಂಗೈಲೆ ಗ್ವಾಡಿ ಸವರಿ, ಪೂರಾ ಓಣಿಗೆ ಚಹಾ ಕೊಟ್ಟಳು.
ಮುಚ್ಚಿದ್ದು ಆಕಿ. ಬೇಕಂತ ಮುಚ್ಚಿದ್ದು.
ಆಕಿ ಒಳಹೊಲಿಗಿ ಮ್ಯಾಲೆ ಹಳದಿ ಬಲ್ಬು ಹಚ್ಚಾಕ
ನಾ ಯಾರು?
ಮಗಳು, ಹೌದು. ಅದಕ್ಕ ಹದಿನೈದು ದಿನ ನೋಡಿದೆ.

ನಿನ್ನೆ ಸಂಜಿಗೆ ಹೂಂ ಅಂದೆ.
ಕೊಡಗಟ್ಟಲೆ ನೀರು ಉಗ್ಗಿ ಗ್ವಾಡಿ ತೋಯಿಸಿದೆ.
ಚರ್ ಅಂತ ಕುಡೀತು, ಅರೆಬೆಂದವು ಹೆಚ್ಚು ಕುಡದವು,
ಮನಿ ತುಂಬ ಹೊಸ ಗಡಿಗಿ ವಾಸನಿ.

ಮಕ್ತುಮಸಾಬ ಉಸುಕು ಸಾಣಿಸಿಕೊಂತ ಹೇಳಿದ:
'ಮೊದಲ ಒಂದು ಅಸ್ತರ ಹೊಡೀತೇನಿ, ಮ್ಯಾಲೆ ನುಣ್ಣಗ.
ಆ ಸೊಟ್ಟ ಸಾಲಿನ ಮ್ಯಾಲೆ ಕೆಳಗ ಇಂಚು ದಪ್ಪ ಮಾಲು ತುಂಬಿದರ
ಎಲ್ಲಾ ಒಂದ ಪಾತಳಿ, ಗುರುತ ಸಿಗೂದಿಲ್ಲ.'

ಅಸ್ತರ. ನನ್ನ ಕಸಬಿನ ಮಾತು ಅವನ ಬಾಯಾಗ.
ಅಸ್ತರ ಕೊಟ್ಟ ರವಿಕಿ ಮೈ ಮುಚ್ಚಬೇಕು,
ಮೈ ಬದಲಿ ಮಾಡಬಾರದು.

'ತುಂಬಬ್ಯಾಡಪಾ. ತೆಳ್ಳಗ ಹಚ್ಚು.
ಅದು ಹೆಂಗ ಉಬ್ಬೇತಿ ಹಂಗ ಉಬ್ಬಿರಲಿ.'
'ನೋಡಿದವರು ನನ್ನ ಕೈಗೆ ಬೈತಾರ್ರೀ.'
'ಬೈಲಿ.'

ಸಾಣಿಗಿ ನಿಲ್ಲಿಸಿ ಗ್ವಾಡಿ ನೋಡಿದ, ನನ್ನ ನೋಡಿದ,
ಬೀಡಿ ಕಿವಿಗೆ ಸಿಗಿಸಿ ಅಂದ:
'ಹಂಗಾದ್ರ ನಾಳೆ ತೂಕದ ಗುಂಡು
ಮನ್ಯಾಗ ಬಿಟ್ಟ ಬರ್ತೇನಿ.'